ನಾಲ್ಕು ದಿನ ಬಿಟ್ಟಿದ್ದೆ, ಏನೂ ಆಗಲಿಲ್ಲ

ಈ ವಾರದ ಪತ್ರ ಬೆಂಗಳೂರಿನಿಂದ. ಬರೆದವರಿಗೆ 28 ವರ್ಷ, ಊರು ಸಾಗರದ ಕಡೆ, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ನಾಲ್ಕು ವರ್ಷದಿಂದ ಗಾಂಜಾ ಸೇದುತ್ತಾರೆ. ಶುರುವಿನಲ್ಲಿ ಶನಿವಾರ ರಾತ್ರಿ ಒಂದು ಜಾಯಿಂಟ್, ಅದೂ ರೂಮ್‌ಮೇಟ್ ಜೊತೆ ಹಂಚಿಕೊಂಡು. ಈಗ ದಿನಾ ರಾತ್ರಿ ಮೂರು, ಒಬ್ಬರೇ. ಸಂಜೆ ಏಳಾದರೆ ಮನಸ್ಸು ಅಲ್ಲಿಗೇ ಓಡುತ್ತದಂತೆ. ಎರಡು ಸಲ ಬಿಡಲು ನೋಡಿದ್ದಾರೆ, ಆಗಿಲ್ಲ. ಭಾನುವಾರದ ಶಟಲ್ ಆಟ ನಿಂತು ವರ್ಷವಾಯಿತು. ನಿಶ್ಚಿತಾರ್ಥ ಮುಗಿದಿದೆ, ಮದುವೆಗೆ ಮೂರು ತಿಂಗಳಿದೆ, ಹುಡುಗಿಗೆ ವಿಷಯ ಗೊತ್ತಿಲ್ಲ. ಪ್ರಶ್ನೆ ಇಷ್ಟು: "ಗಾಂಜಾ ಚಟ ಆಗಲ್ಲ ಅಂತ ರೂಮ್‌ಮೇಟ್ ಹೇಳ್ತಾನೆ. ನಿಶ್ಚಿತಾರ್ಥಕ್ಕೆ ಊರಿಗೆ ಹೋದಾಗ ನಾಲ್ಕು ದಿನ ಮುಟ್ಟಲಿಲ್ಲ, ಏನೂ ಆಗಲಿಲ್ಲ. ಅಂದ್ಮೇಲೆ ನಾನು ಅಡಿಕ್ಟ್ ಅಲ್ಲ ತಾನೆ? ಅಲ್ಲದಿದ್ದರೆ ಅವಳಿಗೆ ಹೇಳಬೇಕಾ?"

ಏನೂ ಆಗಲಿಲ್ಲ ಎಂದವರು ಮುಂದಿನ ಪುಟದಲ್ಲಿ, ತಂಗಿ ಮಾತು ಬಿಟ್ಟಿರುವ ಬಗ್ಗೆ ಬೇಸರಪಡುತ್ತಾ ಬರೆದದ್ದು ನೋಡಿ: ಮೂರನೇ ದಿನ ಉಪ್ಪಿಟ್ಟು ಆರಿದೆ ಅಂತ ಅವಳೆದುರು ತಟ್ಟೆ ಎಸೆದಿದ್ದಾರೆ. ರಾತ್ರಿ ಎರಡಾದರೂ ನಿದ್ದೆಯಿಲ್ಲ, ಬೆಳಗಿನ ಜಾವ ಬೆವತು ಬನಿಯನ್ ಒದ್ದೆ. ನಿಶ್ಚಿತಾರ್ಥದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮ "ಮದುವೆ ಟೆನ್ಷನ್" ಅಂದರು, ಇವರೂ ಹೂಂ ಅಂದರು.

ಸ್ವಾಮಿ, ಆಗಬೇಕಾದದ್ದೆಲ್ಲ ಆಗಿದೆಯಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಗಾಂಜಾ ವಿತ್‌ಡ್ರಾವಲ್ ಅನ್ನು, ಅಂದರೆ ಬಿಟ್ಟಾಗ ಕಾಡುವ ತೊಂದರೆಗಳನ್ನು, ಮೊದಲ ಬಾರಿಗೆ ಸೇರಿಸಿಕೊಂಡಿತು. ಅದರ ಪಟ್ಟಿಯಲ್ಲಿ ಏಳು ಅಂಶಗಳಿವೆ: ಸಿಟ್ಟು, ಆತಂಕ, ನಿದ್ದೆಗೇಡು, ಹಸಿವಿಲ್ಲದಿರುವುದು, ಚಡಪಡಿಕೆ, ಮಂಕು, ಜೊತೆಗೆ ಬೆವರು, ನಡುಕ, ತಲೆನೋವು, ಹೊಟ್ಟೆನೋವಿನಂಥ ದೈಹಿಕ ತೊಂದರೆ. ತುಂಬಾ ದಿನ ಸೇದಿ ನಿಲ್ಲಿಸಿದವರಲ್ಲಿ ವಾರದೊಳಗೆ ಇವುಗಳಲ್ಲಿ ಮೂರು ಕಂಡರೆ ಸಾಕು. ನಿಮ್ಮದು ನಾಲ್ಕು. ಒಂದರಿಂದ ಮೂರು ದಿನದಲ್ಲಿ ಶುರುವಾಗಿ, ಮೊದಲ ವಾರದಲ್ಲಿ ಜೋರಾಗಿ, ಎರಡು ವಾರದ ಹೊತ್ತಿಗೆ ಇಳಿಯುತ್ತದೆ. ನಿದ್ದೆ ಸರಿಹೋಗಲು ತಿಂಗಳು ಹಿಡಿಯಬಹುದು. ಅಂದರೆ ನೀವು ಬಿಟ್ಟಿದ್ದ ನಾಲ್ಕು ದಿನ ಪೂರ್ತಿ ಏರುಹಾದಿ. ತುದಿ ಮುಟ್ಟುವ ಹೊತ್ತಿಗೆ ಬೆಂಗಳೂರಿನ ಬಸ್ ಹತ್ತಿ, ರೂಮಿಗೆ ಬಂದು ಒಂದು ಹಚ್ಚಿದಿರಿ. ಹಾಯ್ ಅನ್ನಿಸಿತು. ಆ ನೆಮ್ಮದಿಯನ್ನು ನೀವು ಗಾಂಜಾದ ಗುಣ ಅಂದುಕೊಂಡಿದ್ದೀರಿ. ಗಾಂಜಾ ಇಲ್ಲದ್ದರಿಂದ ಹುಟ್ಟಿದ ಸಂಕಟವನ್ನೇ ಅದು ಇಳಿಸಿದ್ದು. ನಿತ್ಯ ಸೇದುವವರು ಸಿಕ್ಕಿಬೀಳುವುದು ಇಲ್ಲೇ. ಸೇದಿದರೆ ಮೊದಲಿನ ಮಜಾ ಇರುವುದಿಲ್ಲ, ಸೇದದಿದ್ದರೆ ಊಟ ಸಪ್ಪೆ, ಹಾಡು ಸಪ್ಪೆ, ಸಂಜೆ ಮುಗಿಯುವುದೇ ಇಲ್ಲ. ಹೆರಾಯಿನ್‌ನಂತೆ ಮೈ ಮುರಿದು ಮಲಗಿಸುವುದಿಲ್ಲವಾದ್ದರಿಂದ ಇದನ್ನು ಯಾರೂ ಚಟ ಎಂದು ಗುರುತಿಸುವುದಿಲ್ಲ. ಟೆನ್ಷನ್, ಗ್ಯಾಸ್ಟ್ರಿಕ್, ಮ್ಯಾನೇಜರ್ ಕಾಟ ಅಂತ ಬೇರೆ ಬೇರೆ ಹೆಸರಲ್ಲಿ ಅನುಭವಿಸುತ್ತಾರೆ.

ಕಾರಣ ಮೆದುಳಿನ ಜೀವಕೋಶಗಳ ಮೇಲಿರುವ ಸಿಬಿ1 ಗ್ರಾಹಕಗಳು (ರಿಸೆಪ್ಟರ್). ಗಾಂಜಾದಲ್ಲಿ ನಶೆ ತರುವ ಟಿಎಚ್‌ಸಿ ಹೋಗಿ ಕೂರುವುದು ಅಲ್ಲಿ. ದಿನಾ ಬಂದು ಕೂರತೊಡಗಿದರೆ ಮೆದುಳು ಈ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಒಂದು ಜಾಯಿಂಟ್ ಮೂರಾದದ್ದು ಹಾಗೆ. ಸೇದುವುದು ನಿಂತಾಗ, ಹಸಿವು ನಿದ್ದೆಗಳಿಗೆ ಇದೇ ವ್ಯವಸ್ಥೆಯನ್ನು ನೆಚ್ಚಿಕೊಂಡ ದೇಹ ಪರದಾಡುತ್ತದೆ. ದಿನಾ ಸೇದುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ: ಬಿಟ್ಟ ಸುಮಾರು ನಾಲ್ಕು ವಾರಕ್ಕೆ ಗ್ರಾಹಕಗಳು ಬಹುಮಟ್ಟಿಗೆ ಮರಳಿ ಬಂದಿದ್ದವು. ನಾಲ್ಕು ವಾರವಾದರೂ ಪೂರ್ತಿ ಬಿಟ್ಟು ನೋಡಿ ಎಂದು ನಾನು ಈ ಅಂಕಣದಲ್ಲಿ ಹಟ ಹಿಡಿಯುವುದು ಇದಕ್ಕೇ.

ಇನ್ನು ಆ ರೂಮ್‌ಮೇಟ್. "ಗಿಡ ಕಣೋ, ನ್ಯಾಚುರಲ್, ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಪ್ರಸಾದ" ಅಂತ ಹೇಳುತ್ತಾನಂತೆ. ಜಾತ್ರೆಗೆ ವರ್ಷಕ್ಕೊಮ್ಮೆ ಹೋಗುವವರಿಗೂ ವರ್ಷದ 365 ರಾತ್ರಿ ಸೇದುವವರಿಗೂ ವ್ಯತ್ಯಾಸ ಅವನಿಗೆ ಗೊತ್ತಿದೆ, ಹೇಳುವುದಿಲ್ಲ. ಹೊಗೆಸೊಪ್ಪೂ ಗಿಡವೇ. ಅವನ ಮಾತಲ್ಲಿ ನಿಜ ಒಂದು ಚೂರಿದೆ: ಒಮ್ಮೆ ಸೇದಿ ನೋಡಿದವರಲ್ಲಿ ಹೆಚ್ಚಿನವರು ಅಂಟಿಕೊಳ್ಳುವುದಿಲ್ಲ. 1994ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ಗಾಂಜಾ ಬಳಸಿ ನೋಡಿದವರಲ್ಲಿ 100ಕ್ಕೆ ಸುಮಾರು 9 ಮಂದಿ ಅವಲಂಬಿತರಾಗುತ್ತಾರೆ. ಮದ್ಯಕ್ಕೆ ಆ ಸಂಖ್ಯೆ 15, ತಂಬಾಕಿಗೆ 32. ಆದರೆ ಅದು ರುಚಿ ನೋಡಿದವರ ಲೆಕ್ಕ. ದಿನಾ ಸೇದುವವರನ್ನು ಮಾತ್ರ ಎಣಿಸಿದರೆ ಪಾಲು ಬಹಳ ಏರುತ್ತದೆ. ನಮ್ಮಲ್ಲಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆ, ಭಂಗಿ, ಗಾಂಜಾ, ಚರಸ್‌ಗಳಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು ಸುಮಾರು 72 ಲಕ್ಷ ಎಂದಿತು. ಜೊತೆಗೆ ಕೂತು ಸೇದುವವನನ್ನು ಡಾಕ್ಟರ್ ಮಾಡಿಕೊಂಡರೆ ಸಿಗುವ ಸಲಹೆ ಒಂದೇ. ನನ್ನ ಸಹಾನುಭೂತಿ ಮೊದಲು ನಿಮ್ಮ ತಂಗಿಗೆ, ಆಮೇಲೆ ಆ ಹುಡುಗಿಗೆ, ಉಳಿದರೆ ನಿಮಗೆ. ಅವನಿಗಿಲ್ಲ.

ಡಿಎಸ್‌ಎಂ-5ರಲ್ಲಿ ಗಾಂಜಾ ಬಳಕೆಯ ಕಾಯಿಲೆಗೆ, ಅಂದರೆ ನಾವು ಚಟ ಅನ್ನುವುದಕ್ಕೆ, 11 ಮಾನದಂಡಗಳಿವೆ; ಒಂದು ವರ್ಷದಲ್ಲಿ ಎರಡು-ಮೂರು ಕಂಡರೆ ಸೌಮ್ಯ, ನಾಲ್ಕು-ಐದು ಮಧ್ಯಮ, ಆರು ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ನಿಮ್ಮ ಪತ್ರದಲ್ಲೇ ಐದು ಸಿಗುತ್ತವೆ: ಪ್ರಮಾಣ ಏರಿದ್ದು, ವಿತ್‌ಡ್ರಾವಲ್, ಬಿಡಲು ಹೋಗಿ ಸೋತದ್ದು, ಏಳು ಗಂಟೆಯ ತುಡಿತ, ಕೈಬಿಟ್ಟ ಶಟಲ್. ರೋಗನಿರ್ಣಯ ವೈದ್ಯರ ಕೆಲಸ, ಆದರೆ ಎಣಿಸಲು ಬೆರಳು ಸಾಕು.

ನೀವು ಒಂದೇ ಸಾಲಲ್ಲಿ ದಾಟಿಸಿದ ಇನ್ನೊಂದು ವಿಷಯ: ಸಿಗರೇಟಿನ ತಂಬಾಕು ಉದುರಿಸಿ, ಅದಕ್ಕೆ ಸೊಪ್ಪು ಬೆರೆಸಿ ಸುತ್ತುತ್ತೀರಿ. ಹಾಗಾದರೆ ಬಿಡಬೇಕಾದದ್ದು ಎರಡು. ನಿಕೋಟಿನ್ ಕೂಡ ನಿಂತಾಗ ಸಿಟ್ಟು ಚಡಪಡಿಕೆ ತರುತ್ತದೆ. ಗಾಂಜಾ ಬಿಟ್ಟೆ ಅಂತ ದಿನಕ್ಕೆ ಎಂಟು ಸಿಗರೇಟಿಗೆ ಇಳಿದವರು, ಅದರ ಹೊಗೆಯ ವಾಸನೆಗೇ ಮತ್ತೆ ಜಾಯಿಂಟಿಗೆ ಹೋಗುತ್ತಾರೆ. 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಚೂಯಿಂಗ್ ಗಮ್ ಥರ ಜಗಿದರೆ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ನಿಧಾನವಾಗಿ ಜಗಿದು, ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು, ಚುರುಗು ಇಳಿದ ಮೇಲೆ ಮತ್ತೆ ಜಗಿಯಬೇಕು.

ಮುಂದಿನ ವಾರದ ಶುಕ್ರವಾರ ರಾತ್ರಿಯಿಂದ ನಿಲ್ಲಿಸಿ, ಸೋಮವಾರ, ಮಂಗಳವಾರ ರಜೆ ಹಾಕಿ. ಕ್ರಷರ್, ಪೇಪರ್, ಉಳಿದ ಸೊಪ್ಪು, ತಂದುಕೊಡುವವನ ನಂಬರ್ ಎಲ್ಲ ಗುರುವಾರವೇ ಹೋಗಲಿ. ಯಾರಿಗೂ ದಾನ ಬೇಡ, ಕಮೋಡಿಗೆ ಸುರಿಯಿರಿ. ಮೊದಲ ವಾರ ಹಸಿವಿಲ್ಲದಿದ್ದರೆ ಗಂಜಿ, ಮೊಸರನ್ನ ಸ್ವಲ್ಪ ಸ್ವಲ್ಪ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಎಷ್ಟೇ ಹೊತ್ತಿಗೆ ನಿದ್ದೆ ಹತ್ತಲಿ, ಏಳುವುದು ಒಂದೇ ಹೊತ್ತಿಗೆ. ವಿಚಿತ್ರ ಕನಸು ಬೀಳುತ್ತವೆ. ಇಷ್ಟು ದಿನ ಗಾಂಜಾ ತಡೆಹಿಡಿದಿದ್ದ ಕನಸಿನ ನಿದ್ದೆ ಒಮ್ಮೆಲೇ ಮರಳುವುದರಿಂದ. ನಿದ್ದೆಗೆಂದು ಬಿಯರ್ ಕುಡಿಯಬೇಡಿ, ಯಾರದೋ ಚೀಟಿಯ ನಿದ್ದೆ ಮಾತ್ರೆ ನುಂಗಬೇಡಿ. ಗಾಂಜಾ ಬಿಡಿಸುವುದಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಕೆಲಸ ಮಾಡುವುದು ಆಪ್ತ ಸಮಾಲೋಚನೆ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲೂ ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸ್ ಭಯ ಬೇಡ: ವೈದ್ಯರು ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ ಮಾತ್ರ ಶುಕ್ರವಾರ, ನಾಲ್ಕು ವಾರ ಎಲ್ಲ ಬದಿಗಿಟ್ಟು ಅವತ್ತೇ ಮನೋವೈದ್ಯರ ಹತ್ತಿರ ಹೋಗಿ.

ಹುಡುಗಿಗೆ ಹೇಳಬೇಕಾ? ಹೇಳಬೇಕು, ನಿಲ್ಲಿಸುವ ಮೊದಲೇ. ಬಿಟ್ಟು ಶುದ್ಧನಾಗಿ ಹೇಳುತ್ತೇನೆ ಅನ್ನುವ ಲೆಕ್ಕಾಚಾರ ಕೆಡುವುದು ಎರಡನೇ ದಿನಕ್ಕೆ. ದಿನಾ ರಾತ್ರಿ ಅವಳ ಜೊತೆ ಫೋನಲ್ಲಿ ಮಾತಾಡುತ್ತೀರಿ. ಆ ವಾರದ ಸಿಡುಕು ಬೀಳುವುದು ಅವಳ ಮೇಲೆಯೇ. ತಂಗಿ ಮಾತು ಬಿಟ್ಟಳು; ಇವಳು, ತನ್ನಿಂದಲೇ ಏನೋ ತಪ್ಪಾಯಿತು ಅಂದುಕೊಳ್ಳುತ್ತಾಳೆ. ಅಡಿಕ್ಟ್ ಹೌದೋ ಅಲ್ಲವೋ ಅನ್ನುವ ಚರ್ಚೆ ಅವಳೆದುರು ಬೇಡ. ಎಷ್ಟು ವರ್ಷದಿಂದ, ದಿನಕ್ಕೆಷ್ಟು, ಯಾವಾಗ ನಿಲ್ಲಿಸುತ್ತೀರಿ, ಯಾವ ವೈದ್ಯರನ್ನು ಕಾಣುತ್ತೀರಿ, ಇಷ್ಟು ಹೇಳಿ. "ನೀನೇ ಬಿಡಿಸಬೇಕು" ಅಂತ ಅವಳ ತಲೆಗೆ ಕಟ್ಟಬೇಡಿ. ಯೋಚಿಸಲು ಟೈಮ್ ಕೇಳಿದರೆ ಕೊಡಿ, ಉತ್ತರಕ್ಕೆ ಬೆನ್ನು ಬೀಳಬೇಡಿ.

ಈ ಭಾನುವಾರ ಹೇಳಿ. ಎದುರಾಬದುರು ಕೂತು, ಸಂಜೆ ಏಳಕ್ಕೆ ಮುಂಚೆ.