ಸಂಪಾದಕರ ಉತ್ತರ: ಮಗನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಮಾನ್ಯ ಸಹೋದರಿಯವರಿಗೆ ನಮಸ್ಕಾರಗಳು.

ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದ ದಿನವೇ ನಿಮ್ಮೊಡನೆ ದೂರವಾಣಿಯಲ್ಲಿ ಮಾತನಾಡಿದ್ದೆ. ಆದರೂ ಇಲ್ಲಿ ಮತ್ತೆ ವಿವರವಾಗಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರನ್ನೂ ಕೇಳಲಾರದೆ ಉಳಿದಿರುವ ತಂದೆತಾಯಿಗಳು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ನೀವು ಒಪ್ಪಿಗೆ ಕೊಟ್ಟಿರುವುದರಿಂದ, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ಪತ್ರದ ಸಾರವನ್ನು ಮೊದಲು ಹೇಳುತ್ತೇನೆ.

ನಿಮ್ಮ ಮಗನಿಗೆ 17 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದವೆಂದು ದೂರದ ಊರಿನ ವಸತಿ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸಿದಿರಿ. ದ್ವಿತೀಯ ಪಿಯುಸಿಗೆ ಬಂದ ಮೇಲೆ ಅಂಕ ಇಳಿಯಿತೆಂದು ಅವನನ್ನು ಕೆಳಗಿನ ಬ್ಯಾಚಿಗೆ ಹಾಕಿದರು. ದಸರಾ ರಜೆಗೆ ಬಂದವನು ಮತ್ತೆ ಹೋಗಲಿಲ್ಲ. ಹಗಲು ಮಲಗುತ್ತಾನೆ, ರಾತ್ರಿ ಎಚ್ಚರವಿರುತ್ತಾನೆ, ಗೆಳೆಯರು ಬಂದರೆ ಮನೆಯಲ್ಲಿಲ್ಲವೆಂದು ಹೇಳಿಸುತ್ತಾನೆ, ಅರ್ಧ ರೊಟ್ಟಿ ತಿಂದು ಎದ್ದುಬಿಡುತ್ತಾನೆ. ಹಾಸ್ಟೆಲಿನಿಂದ ತಂದ ಟ್ರಂಕು ಎರಡು ತಿಂಗಳಿಂದ ಪಡಸಾಲೆಯಲ್ಲಿ ಬೀಗ ಹಾಕಿದಂತೆಯೇ ಇದೆ, ಬಟ್ಟೆ ಒಗೆಯುತ್ತೇನೆಂದರೂ ಕೀಲಿ ಕೊಡುವುದಿಲ್ಲ ಎಂದು ಬರೆದಿದ್ದೀರಿ. ವಾರದ ಹಿಂದೆ ಅಕ್ಕನೆದುರು, "ನಾ ಇಲ್ಲಂದ್ರ ನಿಮಗೆಲ್ಲಾ ಹಗುರ ಆಗ್ತಿತ್ತು" ಎಂದನಂತೆ. ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಮಗಳಿಗೆ ಗಂಡು ನೋಡುತ್ತಿದ್ದೇವೆ, ಮಾತ್ರೆ ಶುರುವಾದರೆ ಸಾಯುವತನಕ ಬಿಡಲಾಗದಂತೆ ಎಂಬ ಮೂರು ಭಯಗಳ ನಡುವೆ ನೀವು ದಾರಿ ಕಾಣದೆ ಕುಳಿತಿದ್ದೀರಿ.

ಅಕ್ಕನೆದುರು ಆಡಿದ ಆ ಒಂದು ಮಾತಿನಿಂದಲೇ ಆರಂಭಿಸುತ್ತೇನೆ. ಅದನ್ನು ಹುಡುಗಾಟದ ಮಾತೆಂದು ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಅವನ ತಲೆಗೆ ಹಾಕಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಮನೋವೈದ್ಯರು ಹೇಳುವುದು ಇದಕ್ಕೆ ತೀರ ವಿರುದ್ಧವಾದುದು: ಸಮಾಧಾನವಾಗಿ, ನೇರವಾಗಿ ಕೇಳಿದರೆ ಒಳಗಿನ ಭಾರ ಇಳಿಯುತ್ತದೆಯೇ ಹೊರತು ಹೆಚ್ಚುವುದಿಲ್ಲ. ನಿಮ್ಮದು ಹೊಲಮನೆ ಇರುವ ಕುಟುಂಬವಾದ್ದರಿಂದ ಇನ್ನೊಂದು ಕೆಲಸವನ್ನೂ ಇಂದೇ ಮಾಡಿ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಮಾವನವರ ಬಿಪಿ ಮಾತ್ರೆಗಳೂ ಸೇರಿದಂತೆ ಇರುವ ಔಷಧಗಳನ್ನೆಲ್ಲ ಬೀಗದೊಳಗಿಡಿ. ಅವನು ಸಾಯುವ ಮಾತನ್ನು ಮತ್ತೆ ಆಡಿದರೆ ಅಥವಾ ಅದಕ್ಕೆ ಸಿದ್ಧನಾಗುತ್ತಿರುವಂತೆ ಕಂಡರೆ ಒಬ್ಬನನ್ನೇ ಬಿಡದೆ, ಹೊತ್ತುಗೊತ್ತು ನೋಡದೆ, 108ಕ್ಕೆ ಕರೆಮಾಡಿ ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.

ಅಂಥ ತುರ್ತು ಇಲ್ಲದಿದ್ದಾಗ ಎಲ್ಲಕ್ಕಿಂತ ಹತ್ತಿರದ ಬಾಗಿಲು ನಿಮ್ಮ ಕೈಯಲ್ಲಿರುವ ಫೋನೇ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇಡೀ ದೇಶದಲ್ಲಿ ಇದರ ಮುಖ್ಯ ಕೇಂದ್ರವಾಗಿದೆ. ಮೊದಲು ತರಬೇತಾದ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯ ಕಂಡರೆ ತಜ್ಞರಿಗೆ ಸಂಪರ್ಕ ಕೊಡುತ್ತಾರೆ, ಮುಖತಃ ತೋರಿಸಬೇಕೆನಿಸಿದರೆ ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ. ಮಗನೇ ಮಾತನಾಡಬೇಕೆಂಬ ನಿಯಮವಿಲ್ಲ. ಅವನು ಒಪ್ಪುವವರೆಗೆ ಕಾಯದೆ ತಾಯಿಯಾಗಿ ನೀವೇ ಕರೆಮಾಡಿ, ಅವನೊಡನೆ ಹೇಗೆ ಮಾತು ತೆಗೆಯಬೇಕೆಂದು ಕೇಳಬಹುದು. ಆಮೇಲೆ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅವನ ಕೈಗೂ ಕೊಡಿ. ಮನೆಯವರೆಲ್ಲ ಮಲಗಿದ ಮೇಲೆ ಎಚ್ಚರವಿರುವ ಹುಡುಗನಿಗೆ, ರಾತ್ರಿ ಎರಡು ಗಂಟೆಗೂ ಉತ್ತರಿಸುವ ಒಂದು ದನಿ ಇದೆಯೆಂಬುದು ಸಣ್ಣ ಸಂಗತಿಯಲ್ಲ.

ಎರಡನೆಯದು ನಿಮ್ಮ ಊರಿನ ತಾಲ್ಲೂಕು ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುತ್ತಾರೆ. ತಂಡವು ಜಿಲ್ಲೆಯ ತಾಲ್ಲೂಕುಗಳನ್ನೆಲ್ಲ ಸುತ್ತಬೇಕಾದ್ದರಿಂದ ನಿಮ್ಮಲ್ಲಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ನೀವು ಅಂಜುತ್ತಿರುವ 'ಊರಿಗೆಲ್ಲ ಗೊತ್ತಾಗುವ' ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ತಾನಾಗಿ ಕರಗುತ್ತದೆ. ಜ್ವರದವರು, ಕೆಮ್ಮಿನವರು, ಕಾಲುನೋವಿನ ಅಜ್ಜಿಯರು ನಿಂತಿರುವ ಸಾಲಿನಲ್ಲೇ ನೀವೂ ನಿಂತು ಹೊರರೋಗಿ ಚೀಟಿ ಮಾಡಿಸುತ್ತೀರಿ. ನೀವು ಯಾವ ಬಾಗಿಲಿಗೆ ಹೋಗುವವರೆಂದು ಆ ಚೀಟಿಯನ್ನು ಯಾರೂ ಇಣುಕಿ ಓದುವುದಿಲ್ಲ. ಮಂಗಳವಾರದವರೆಗೆ ತಡೆಯಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ. ದೇಶದಲ್ಲಿ 1996ರಲ್ಲಿ ಆರಂಭವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಮನಸ್ಸಿನ ಕಾಯಿಲೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ನೋಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟ ಈ ನಾಡಿನಲ್ಲಿ, ಆ ಸೌಲಭ್ಯ ತನ್ನ ಊರಿನಲ್ಲೇ ಇರುವುದು ತಾಯಿಯೊಬ್ಬಳಿಗೆ ಗೊತ್ತಾಗದೆ ಎರಡು ತಿಂಗಳು ಕಳೆದವೆಂದರೆ, ತಿಳಿಸಬೇಕಾದ ನಮ್ಮಂಥ ಪತ್ರಿಕೆಯವರ ಪಾಲಿನ ತಪ್ಪೂ ಅದರಲ್ಲಿದೆ.

ಆಸ್ಪತ್ರೆಯ ಹೆಸರೆತ್ತಿದರೆ ಮಗ ಬರಲಾರನೆಂದು ನಿಮಗನಿಸಿದರೆ ಯುವಜನರಿಗೆಂದೇ ಇರುವ ಎರಡು ವ್ಯವಸ್ಥೆಗಳನ್ನು ನೆನಪಿಡಿ. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ರೂಪಿಸಿದ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿವೆ. ಖಾಸಗಿಯಾಗಿ ತೋರಿಸುವುದಾದರೆ ಒಂದು ಎಚ್ಚರಿಕೆ: ಕೌನ್ಸೆಲರ್ ಎಂದು ಬೋರ್ಡು ಹಾಕಿದವರೆಲ್ಲ ಆ ವಿದ್ಯೆ ಕಲಿತವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದನ್ನು ಕೇಳಲು ಸಂಕೋಚಪಡಬೇಡಿ.

ಧಾರವಾಡದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ 'ಧಾರವಾಡಕ್ಕೆ ಕಳಿಸಬೇಕು' ಎಂಬುದು ಬೈಗುಳವಾಗಿ ಉಳಿದುಬಿಟ್ಟಿರುವುದು ನನಗೂ ಗೊತ್ತು, ಆ ಮಾತು ಕೇಳಿದಾಗಲೆಲ್ಲ ನೋವಾಗುತ್ತದೆ. 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಆರಂಭವಾದ ಆ ಸಂಸ್ಥೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಮನೋವೈದ್ಯರನ್ನು ತರಬೇತುಗೊಳಿಸುವ ಕೇಂದ್ರವಾಗಿದೆ. ಅಲ್ಲಿಗೆ ಬರುವ ಬಹಳ ಮಂದಿ ಬೆಳಿಗ್ಗೆ ಬಂದು ತೋರಿಸಿಕೊಂಡು ಸಂಜೆಯ ಬಸ್ಸಿಗೆ ಮನೆಗೆ ಮರಳುತ್ತಾರೆ. ನಿಮ್ಮ ತಾಲ್ಲೂಕಿನ ಅಥವಾ ಜಿಲ್ಲೆಯ ವೈದ್ಯರೇ ಅಲ್ಲಿಗೆ ಹೋಗಿ ಎಂದರೆ ಮಾತ್ರ ಹೋಗಿ, ಹೇಳಿದರೆ ತಡಮಾಡಬೇಡಿ.

ಗುಟ್ಟಿನ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರ್ಕಾರದ ಖರ್ಚಿನ ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಹೇಳಿದೆ, ರೋಗಿಯ ವಿವರಗಳನ್ನು ಗೋಪ್ಯವಾಗಿಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹೊರಿಸಿದೆ. ಮಗ 18 ತುಂಬದವನಾದ್ದರಿಂದ ಚಿಕಿತ್ಸೆಯ ನಿರ್ಧಾರದಲ್ಲಿ ನಿಮ್ಮ ಒಪ್ಪಿಗೆ ಬೇಕಾಗುತ್ತದೆ. ಆದರೆ ಅವನು ವೈದ್ಯರೊಡನೆ ಸ್ವಲ್ಪ ಹೊತ್ತು ಒಬ್ಬನೇ ಮಾತನಾಡಲು ಬಯಸಿದರೆ ದಯವಿಟ್ಟು ಹೊರಗೆ ಬಂದು ಕುಳಿತುಕೊಳ್ಳಿ. ಇನ್ನು ಮಾತ್ರೆಯ ಮಾತು. ಎಲ್ಲರಿಗೂ ಮಾತ್ರೆ ಕೊಡುವುದಿಲ್ಲ, ಎಷ್ಟೋ ಮಕ್ಕಳಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕುಡಿತದಂತೆ ಚಟ ಹಿಡಿಸುವಂಥವಲ್ಲ. ಗುಣ ಕಾಣಲು ಕೆಲವು ವಾರ ಬೇಕಾಗುತ್ತದೆ, ಆ ಮೊದಲ ವಾರಗಳಲ್ಲಿ ಹೆಚ್ಚು ಕಣ್ಣಿಟ್ಟಿರಬೇಕು, ಚೇತರಿಸಿಕೊಂಡನೆಂದು ನೀವಾಗಿಯೇ ನಿಲ್ಲಿಸಬಾರದು.

ನನ್ನ ಅಕ್ಕನ ಮಗನೂ ಇದೇ ವಯಸ್ಸಿನಲ್ಲಿ ಹೀಗೆಯೇ ಮುದುಡಿಕೊಂಡಿದ್ದ. ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸಿದೆವು, ಸೋಮಾರಿತನವೆಂದು ಬೈದೆವು, ಹೀಗೆ ಎಂಟು ತಿಂಗಳು ಕಳೆದೆವು. ಕೊನೆಗೆ ವೈದ್ಯರ ಮುಂದೆ ಕುಳಿತಾಗ ಅವನು ಮೊದಲು ಕೇಳಿದ್ದು, "ಇದು ನನ್ನ ತಪ್ಪಾ ಡಾಕ್ಟ್ರೇ?" ಎಂದು. ಆ ಪ್ರಶ್ನೆಯನ್ನು ಎಂಟು ತಿಂಗಳು ಒಬ್ಬನೇ ಹೊತ್ತಿದ್ದನಲ್ಲ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ನಿಮ್ಮ ಮಗ ಒಬ್ಬಂಟಿಯಲ್ಲವೆಂಬುದನ್ನು ಅವನಿಗೆ ಹೇಳಿ. ಟ್ರಂಕಿನ ಕೀಲಿಯನ್ನು ಸದ್ಯಕ್ಕೆ ಕೇಳಬೇಡಿ. ಮುಂದೇನು ಮಾಡುತ್ತೀ, ಯಾವಾಗ ಹೋಗುತ್ತೀ ಎಂಬ ಪ್ರಶ್ನೆಗಳನ್ನೂ ಬದಿಗಿಡಿ. "ನಿದ್ದಿ ಬರವಲ್ದು, ಊಟ ಸೇರವಲ್ದು, ಒಮ್ಮೆ ತೋರಿಸ್ಕೊಂಡು ಬರೋಣ ಬಾ" ಎಂದಷ್ಟೇ ಕರೆಯಿರಿ. ನಿದ್ದೆ ಮತ್ತು ಊಟದ ಮಾತಿಗೆ ಮಕ್ಕಳು ಬೇಗ ಒಪ್ಪುತ್ತಾರೆ. ಅದು ಸುಳ್ಳೂ ಅಲ್ಲ.

ಕಾಲೇಜಿನ ವಿಷಯವನ್ನು ವೈದ್ಯರು ನೋಡಿದ ಮೇಲೆ ನಿರ್ಧರಿಸಿದರೆ ಸಾಕು. ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಕೊಟ್ಟ ತೀರ್ಪಿನಲ್ಲಿ, 100ಕ್ಕೆ ಕಡಿಮೆಯಿಲ್ಲದಷ್ಟು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದೂ ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸುವುದನ್ನು ಆದಷ್ಟೂ ಬಿಡಬೇಕೆಂದೂ ಸೂಚಿಸಿದೆ. ಮಗನ ಕಾಲೇಜಿನಲ್ಲಿ ಈ ವ್ಯವಸ್ಥೆ ಏನಾಗಿದೆಯೆಂದು ಕೇಳುವ ಅಧಿಕಾರ ಪೋಷಕರಾದ ನಿಮಗಿದೆ. ಹಾಗೆ ಕೇಳುವ ಪತ್ರದ ಕರಡನ್ನೂ ಪರೀಕ್ಷೆಯ ವಿಷಯದಲ್ಲಿ ಪ್ರಾಚಾರ್ಯರಿಗೆ ಬರೆಯಬೇಕಾದ ಮನವಿಯನ್ನೂ ನಮ್ಮ ಕಚೇರಿಯಿಂದ ಸಿದ್ಧಪಡಿಸಿ ಅಂಚೆಯಲ್ಲಿ ಕಳುಹಿಸಿದ್ದೇನೆ. ತಾಲ್ಲೂಕು ಆಸ್ಪತ್ರೆಗೆ ವೈದ್ಯರು ಬರುವ ಮಂಗಳವಾರ ಯಾವುದೆಂದು ತಿಳಿದ ಕೂಡಲೇ ನನಗೊಂದು ಕರೆಮಾಡಿ.

ಇಂತು ತಮ್ಮ ವಿಶ್ವಾಸಿ,
ಸಂಪಾದಕ