ಕಳವಾದಿಂದ ಕೋಪರ್‌ವರೆಗಿನ ನಿದ್ದೆ

ಮುಂಬೈ ಪಕ್ಕದ ಡೊಂಬಿವಲಿಯ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): "ಎಚ್ಚರ ತಪ್ಪದೆ ನಿದ್ದೆಗೆ ಜಾರಿದರೆ ಸೂಕ್ಷ್ಮ ಶರೀರ ಹೊರಗೆ ಬರುತ್ತದಂತೆ. ಮೂರು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಎರಡು ಸಲ ಕಿವಿಯಲ್ಲಿ ಗುಂಯ್ ಎಂಬ ಸದ್ದು, ಎದೆ ಮೇಲೆ ಭಾರ. ಕೈಕಾಲು ಆಡಲಿಲ್ಲ. ಅರ್ಧ ಹೊರಬಂದು ಸಿಕ್ಕಿಕೊಂಡೆನೇ? ವಾಪಸ್ ಬರಲಾಗದಿದ್ದರೆ?"

ಸಂಪಾದಕರ ಉತ್ತರ:

ಮೊದಲು ಹೆದರಿಕೆಯ ವಿಷಯ ಮುಗಿಸೋಣ. ನೀವು ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಕನಸು ಬೀಳುವ ಹೊತ್ತಿನಲ್ಲಿ ಮೆದುಳು ಕೈಕಾಲಿಗೆ ಬೀಗ ಹಾಕಿರುತ್ತದೆ. ಇಲ್ಲದಿದ್ದರೆ ಕನಸಲ್ಲಿ ಓಡುವವರೆಲ್ಲ ಮಂಚದಿಂದ ಬೀಳಬೇಕಾಗುತ್ತಿತ್ತು. ಬೀಗ ತೆಗೆಯುವ ಮೊದಲೇ ಎಚ್ಚರವಾದರೆ ನಿಮಗಾದದ್ದೇ ಆಗುತ್ತದೆ. ವೈದ್ಯರು ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ. ನಮ್ಮಜ್ಜಿ ದೆವ್ವ ಎದೆ ಮೇಲೆ ಕೂತಿತ್ತು ಅನ್ನುತ್ತಿದ್ದರು. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ತಾನಾಗಿಯೇ ಬಿಡುತ್ತದೆ. ಅಂಗಾತ ಮಲಗಿದಾಗ, ನಿದ್ದೆಗೆಟ್ಟಾಗ ಜಾಸ್ತಿ. ನೀವು ಬೆಳಗ್ಗೆ ಐದಕ್ಕೆ ಎದ್ದು ಲೋಕಲ್ ರೈಲು ಹಿಡಿಯುವವರು. ರಾತ್ರಿ ಒಂದು ಗಂಟೆವರೆಗೆ ಈ ಸಾಧನೆ ಮಾಡಿದರೆ ಇನ್ನೇನಾಗುತ್ತದೆ?

ಆದರೆ ಆ ಜಾರುವ ಗಳಿಗೆ ಇದೆಯಲ್ಲ, ಅದರ ಮೇಲೆ ನನಗೂ ಆಸೆ ಇದೆ. ನನಗದು ಹಾಸಿಗೆಯಲ್ಲಿ ಸಿಕ್ಕಿದ್ದಲ್ಲ, ಸ್ಲೋ ಲೋಕಲ್‌ನಲ್ಲಿ. ಠಾಣೆ ದಾಟಿದ ಮೇಲೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಳವಾ ಬರುವಷ್ಟರಲ್ಲಿ ಕಣ್ಣು ಮುಚ್ಚಿತ್ತು. ರೆಪ್ಪೆಯೊಳಗೆ ಬಣ್ಣದ ಚುಕ್ಕೆಗಳು, ಆಮೇಲೆ ಊರ ಮನೆಯ ಜಗಲಿ. "ಪುಢೀಲ್ ಸ್ಟೇಷನ್, ಮುಂಬ್ರಾ" (ಮುಂದಿನ ಸ್ಟೇಷನ್ ಮುಂಬ್ರಾ) ಅನ್ನುವ ರೈಲಿನ ಧ್ವನಿ ಅಮ್ಮನದಾಗಿತ್ತು. ಅಮ್ಮನಿಗೆ ಮರಾಠಿ ಬರುವುದಿಲ್ಲ ಅನ್ನುವುದೂ ಗೊತ್ತಿತ್ತು! ದಿವಾ ಹೋಗಿದ್ದು ತಿಳಿಯಲಿಲ್ಲ. ಕೋಪರ್‌ನಲ್ಲಿ ಬೆಚ್ಚಿ ಎದ್ದೆ. ಮುಂದಿನ ಸ್ಟೇಷನ್‌ನಲ್ಲಿ ಇಳಿಯಬೇಕು, ಬಾಗಿಲಿಗೆ ನುಗ್ಗಲು ಅಷ್ಟೇ ಹೊತ್ತಿತ್ತು.

1848ರಲ್ಲಿ ಆಲ್ಫ್ರೆಡ್ ಮೋರಿ ಎಂಬ ಫ್ರೆಂಚ್ ವಿದ್ವಾಂಸ ಈ ಸ್ಥಿತಿಯಲ್ಲಿ ಕಾಣುವ ಚಿತ್ರಗಳಿಗೆ ಹೆಸರಿಟ್ಟ. ಇಂಗ್ಲಿಷಿನ ಹಿಪ್ನಗೋಜಿಯ ಅಲ್ಲಿಂದ ಬಂದದ್ದು. ಎಡಿಸನ್ ಕೈಯಲ್ಲಿ ಲೋಹದ ಗುಂಡು ಹಿಡಿದು ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಎಂದು ಹೇಳುತ್ತಾರೆ. ನಿದ್ದೆ ಹತ್ತಿದರೆ ಗುಂಡು ಬಿದ್ದು ಸದ್ದು, ತಕ್ಷಣ ಎಚ್ಚರ; ಆ ಗಳಿಗೆಯ ಹೊಳಹು ಕೈತಪ್ಪದಿರಲಿ ಎಂದು. 2021ರಲ್ಲಿ ಪ್ಯಾರಿಸ್ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಜನರಿಗೆ ಲೆಕ್ಕ ಕೊಟ್ಟು, ನಡುವೆ ವಿರಾಮದಲ್ಲಿ ಕೈಗೊಂದು ವಸ್ತು ಹಿಡಿಸಿ ಕೂರಿಸಿದರು. ಕನಿಷ್ಠ 15 ಸೆಕೆಂಡ್ ಮೊದಲ ಹಂತದ ನಿದ್ದೆ ಮಾಡಿದವರಲ್ಲಿ ಶೇ. 83 ಜನ ಲೆಕ್ಕದೊಳಗೆ ಅಡಗಿದ್ದ ಸುಲಭ ದಾರಿ ಕಂಡುಹಿಡಿದರು. ಎಚ್ಚರವಾಗಿದ್ದವರಲ್ಲಿ ಶೇ. 30. ಗಾಢ ನಿದ್ದೆಗೆ ಹೋದವರಿಗೆ ಈ ಲಾಭ ಸಿಗಲಿಲ್ಲ.

ಇನ್ನು ಹೊರಗೆ ಬರುವ ಮಾತು. ಶಂಕರಾಚಾರ್ಯರ ಪರಕಾಯ ಪ್ರವೇಶದ ಕಥೆಯಲ್ಲಿ ಬಿಟ್ಟುಹೋದ ದೇಹ ಕಾಯಲು ಶಿಷ್ಯರು ಗುಹೆಯಲ್ಲಿ ಕೂತಿದ್ದರು. ನಿಮ್ಮ ಹೆದರಿಕೆಯ ಬೇರು ಅಲ್ಲೇ ಇರಬಹುದು. 2002ರಲ್ಲಿ ಸ್ವಿಟ್ಜರ್ಲೆಂಡ್‌ನ ವೈದ್ಯ ಓಲಾಫ್ ಬ್ಲಾಂಕೆ ಮತ್ತು ಜೊತೆಗಾರರು ಮೂರ್ಛೆರೋಗದ ಮಹಿಳೆಯೊಬ್ಬರ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಹಾಯಿಸಿದಾಗ, ಮೇಲಿಂದ ನನ್ನನ್ನೇ ನೋಡುತ್ತಿದ್ದೇನೆ ಎಂದರು ಆಕೆ. ತಾನು ಎಲ್ಲಿದ್ದೇನೆ ಅನ್ನುವ ಲೆಕ್ಕವನ್ನೂ ಮೆದುಳೇ ಹಾಕುವುದು, ಅದು ತಪ್ಪಲೂಬಹುದು. ಅನುಭವ ಸುಳ್ಳಲ್ಲ. ಹೊರಗೆ ಹೋದದ್ದನ್ನು ಮಾತ್ರ ನಾನು ನಂಬುವುದಿಲ್ಲ.

ಬಿಡುವುದಿಲ್ಲ ಅಂತೀರಾ? ಸರಿ. ಮೊದಲು ಎರಡು ವಾರ ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿ. ಆಮೇಲೆ ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮಲಗಿ. ಮೊಣಕೈ ಹಾಸಿಗೆಗೆ ಊರಿ ಮುಂಗೈ ನೆಟ್ಟಗೆ ನಿಲ್ಲಿಸಿ. ನಿದ್ದೆ ಬಂದರೆ ಕೈ ತಾನೇ ಬೀಳುತ್ತದೆ, ಎಚ್ಚರವಾಗುತ್ತದೆ. ಏನು ಕಂಡಿತೋ ಬರೆದಿಡಿ. ಬೀಗ ಬಿದ್ದಂತಾದರೆ ಗಾಬರಿಯಾಗದೆ ಒಂದು ಬೆರಳು ಆಡಿಸಲು ನೋಡಿ, ಅಷ್ಟೆ. ಹಗಲಲ್ಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ, ಇದು ಪದೇಪದೇ ಆಗುತ್ತಿದ್ದರೆ ವೈದ್ಯರನ್ನು ಕಾಣಿ.

ಇನ್ನೊಂದು. ಮನೆಯವರಿಗೆ ಹೇಳಿ, ಚೀಟಿಯಲ್ಲಿ ಐದು ಅಂಕಿ ಬರೆದು ಕಪಾಟಿನ ಮೇಲೆ ಇಡಿಸಿ. ಹೊರಗೆ ಬಂದರೆ ಮೇಲಿಂದ ಅದನ್ನು ಓದಿ. ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಟಾರ್ಟ್ 1968ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದೇ ಥರದ್ದು. ದೇಹದಿಂದ ಹೊರಗೆ ಹೋಗುತ್ತೇನೆ ಎನ್ನುತ್ತಿದ್ದ ಮಹಿಳೆಯೊಬ್ಬರು ಅಲ್ಲಿ ಐದೂ ಅಂಕಿ ಸರಿ ಹೇಳಿದರು. ಆದರೆ ಅಲ್ಲೇ ಇದ್ದ ಗಡಿಯಾರದಲ್ಲಿ ಅದರ ಪ್ರತಿಬಿಂಬ ಕಂಡಿರಬಹುದು ಅನ್ನುವ ಅನುಮಾನ ಉಳಿದುಬಿಟ್ಟಿತು. ಹಾಗಾಗಿ ನಿಮ್ಮ ಕೋಣೆಯ ಗಡಿಯಾರ, ಕನ್ನಡಿ ಎರಡನ್ನೂ ತೆಗೆಸಿ. ಸರಿ ಓದಿದರೆ ನನಗೆ ಬರೆಯಿರಿ, 'ನಂಬುವುದಿಲ್ಲ' ಎಂದ ಮೇಲಿನ ಸಾಲನ್ನು ಇದೇ ಅಂಕಣದಲ್ಲಿ ವಾಪಸ್ ತೆಗೆದುಕೊಳ್ಳುತ್ತೇನೆ.