ನಡುವೆ ಸರ್ವರ್ ಇಲ್ಲದಿದ್ದರೆ ಯಾರನ್ನು ನಂಬುವುದು?

ಪ್ರಶ್ನೆ: ಹಲವರು ಒಂದೇ ಕಡತವನ್ನು ಏಕಕಾಲಕ್ಕೆ ತಿದ್ದಬಹುದಾದ ಆ್ಯಪ್ ಒಂದನ್ನು ನಮ್ಮ ತಂಡ ಸಿದ್ಧಪಡಿಸುತ್ತಿದೆ. ಕೇಂದ್ರ ಸರ್ವರ್ ಇಲ್ಲ. ಸಾಧನಗಳು ವೆಬ್‌ಆರ್‌ಟಿಸಿ (ಬ್ರೌಸರ್, ಆ್ಯಪ್‌ಗಳನ್ನು ಒಂದಕ್ಕೊಂದು ಜೋಡಿಸುವ ತಂತ್ರಜ್ಞಾನ) ಮೂಲಕ ನೇರವಾಗಿ ಮಾಹಿತಿ ಹಂಚಿಕೊಳ್ಳುತ್ತವೆ. ಅದರಲ್ಲಿ ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವುದು) ಹೇಗೂ ಕಡ್ಡಾಯ. ಸುರಕ್ಷತೆಗೆಂದು ನಾವು ಬೇರೆ ಏನಾದರೂ ಮಾಡಬೇಕೇ?

ಉತ್ತರ: ಮಾಡಲೇಬೇಕು. ನೀವು ನೆಚ್ಚಿಕೊಂಡಿರುವ ಎನ್‌ಕ್ರಿಪ್ಷನ್ ಎರಡು ಸಾಧನಗಳ ನಡುವಿನ ದಾರಿಯನ್ನಷ್ಟೇ ಕಾಯುತ್ತದೆ. ಆ ತುದಿಯಲ್ಲಿ ಇರುವವರು ಯಾರು, ಅವರು ದಾಟಿಸಿದ ಮಾಹಿತಿ ಮೂಲತಃ ಯಾರದು ಎಂಬುದನ್ನು ಅದು ಹೇಳುವುದಿಲ್ಲ.

ಮೊದಲು, ಆ ತುದಿಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡೋಣ. ಸಾಧನಗಳು ಒಂದನ್ನೊಂದು ಗುರುತಿಸುವುದು ತಮ್ಮ ಡಿಜಿಟಲ್ ಪ್ರಮಾಣಪತ್ರದ ಹ್ಯಾಶ್‌ನಿಂದ, ಅಂದರೆ ಅದರಿಂದ ಲೆಕ್ಕ ಹಾಕಿ ಪಡೆದ, ಬೆರಳಚ್ಚಿನಂಥ ಪುಟ್ಟ ಗುರುತಿನಿಂದ. ಆ ಹ್ಯಾಶ್ ತಲುಪುವುದು ಸಿಗ್ನಲಿಂಗ್ ಸರ್ವರ್, ಅಂದರೆ ಸಾಧನಗಳನ್ನು ಪರಸ್ಪರ ಪರಿಚಯಿಸುವ ಸರ್ವರ್ ಮೂಲಕ. ಕೇಂದ್ರ ಸರ್ವರ್ ಇಲ್ಲವೆಂದಿರಿ. ಆದರೂ ಪರಿಚಯ ಮಾಡಿಸುವ ಈ ವ್ಯವಸ್ಥೆ ಯಾವುದಾದರೂ ರೂಪದಲ್ಲಿ ಇದ್ದೇ ಇರುತ್ತದೆ. ಅದು ಹ್ಯಾಶ್ ಬದಲಿಸಿ ತನ್ನದನ್ನು ಸೇರಿಸಿದರೆ ಇಬ್ಬರೂ ಅದರ ಜೊತೆಗೇ ಸುರಕ್ಷಿತ ಸಂಪರ್ಕ ಬೆಳೆಸುತ್ತಾರೆ, ಇಬ್ಬರಿಗೂ ಸುಳಿವು ಸಿಗುವುದಿಲ್ಲ. ಆದ್ದರಿಂದ ಪ್ರತಿ ಬಳಕೆದಾರರಿಗೂ ಶಾಶ್ವತವಾದ ಒಂದು ಸಹಿ ಕೀಲಿ (ಡಿಜಿಟಲ್ ಸಹಿ ಹಾಕಲು ಬಳಸುವ ಕೀಲಿ) ಇರಲಿ, ಆ ಹ್ಯಾಶ್‌ಗೆ ಅದರಿಂದ ಸಹಿ ಬೀಳಲಿ. ಆ ಕೀಲಿ ನಿಜವಾಗಿಯೂ ಅವರದೇ ಎಂಬುದನ್ನು ಒಮ್ಮೆ ಎದುರಾಬದುರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳುವ ಅವಕಾಶವನ್ನು ಆ್ಯಪ್‌ನಲ್ಲಿ ಕೊಡಿ. ಈ ಪರದೆಯನ್ನು ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಹುದುಗಿಸಬೇಡಿ.

ಎರಡನೆಯದು ಇನ್ನೂ ಸೂಕ್ಷ್ಮ. ನಿಮ್ಮ ಜಾಲದಲ್ಲಿ ಅ, ಬ, ಕ ಎಂಬ ಮೂರು ಸಾಧನಗಳಿವೆ ಎಂದುಕೊಳ್ಳಿ. ಅ ತನ್ನ 100ನೆಯ ತಿದ್ದುಪಡಿ ಎಂದು ಬ-ಗೆ ‘ಪ್ರಮಾಣ 5 ಮಿಲಿಗ್ರಾಂ’ ಎಂಬ ಸಾಲನ್ನು ಕಳುಹಿಸುತ್ತದೆ. ಅದೇ 100ನೆಯ ತಿದ್ದುಪಡಿ ಎಂದು ಕ-ಗೆ ‘ಪ್ರಮಾಣ 50 ಮಿಲಿಗ್ರಾಂ’ ಎಂದು ಕಳುಹಿಸುತ್ತದೆ. ಎರಡೂ ಎನ್‌ಕ್ರಿಪ್ಟ್ ಆಗಿವೆ. ಎರಡರ ಮೇಲೂ ಅ-ದ ಸರಿಯಾದ ಸಹಿಯಿದೆ. ನಂತರ ಬ ಮತ್ತು ಕ ಪರಸ್ಪರ ಸಂಪರ್ಕಕ್ಕೆ ಬಂದಾಗ ಏನಾಗುತ್ತದೆ? ‘ಅ-ದ 100ನೆಯದು ನನ್ನ ಬಳಿ ಇದೆ’ ಎನ್ನುತ್ತದೆ ಒಂದು, ‘ನನ್ನ ಬಳಿಯೂ ಇದೆ’ ಎನ್ನುತ್ತದೆ ಇನ್ನೊಂದು. ವಿನಿಮಯ ಅಲ್ಲಿಗೇ ಮುಗಿಯಿತು. ಎರಡು ಕಡತಗಳೂ ಒಂದೇ ಎಂದು ಎರಡೂ ಸಾಧನಗಳು ನಂಬಿರುತ್ತವೆ, ಆದರೆ ಒಂದರಲ್ಲಿ 5 ಇದೆ, ಮತ್ತೊಂದರಲ್ಲಿ 50.

ಇಂಥ ಆ್ಯಪ್‌ಗಳಲ್ಲಿ ತಿದ್ದುಪಡಿಗಳನ್ನು ಬೆಸೆಯಲು ಸಾಮಾನ್ಯವಾಗಿ ಸಿಆರ್‌ಡಿಟಿ ಎಂಬ ದತ್ತಾಂಶ ರಚನೆ ಬಳಸುತ್ತಾರೆ. ಒಂದೇ ತಿದ್ದುಪಡಿಗಳು ಎಲ್ಲರಿಗೂ ತಲುಪಿದರೆ ಎಲ್ಲರ ಕಡತವೂ ಒಂದೇ ಆಗುತ್ತದೆ ಎಂಬುದು ಅದರ ಭರವಸೆ. ಇಲ್ಲಿ ಮೋಸ ನಡೆದಿರುವುದೇ ಆ ‘ಒಂದೇ ತಿದ್ದುಪಡಿ’ ಎಂಬಲ್ಲಿ. ಹಾಗಾಗಿ ತಿದ್ದುಪಡಿಯನ್ನು ಕರ್ತೃ ಮತ್ತು ಕ್ರಮಸಂಖ್ಯೆಯಿಂದ ಗುರುತಿಸಬೇಡಿ, ಅದರ ಹ್ಯಾಶ್‌ನಿಂದ ಗುರುತಿಸಿ. ಪ್ರತಿ ತಿದ್ದುಪಡಿಯೊಳಗೂ ಅದಕ್ಕೆ ಮುಂಚಿನದರ ಹ್ಯಾಶ್ ಇರಲಿ, ಒಟ್ಟಾರೆಗೆ ಸಹಿಯಿರಲಿ. ಇದೇ ಹ್ಯಾಶ್ ಸರಪಳಿ. ಸಾಧನಗಳು ಭೇಟಿಯಾದಾಗ ಕೊನೆಯ ಹ್ಯಾಶ್‌ಗಳನ್ನು ಹೋಲಿಸಿಕೊಂಡರೆ ಸಾಕು, ಭಿನ್ನತೆ ತಕ್ಷಣ ಬಯಲಾಗುತ್ತದೆ. ಒಂದೇ ಕ್ರಮಸಂಖ್ಯೆಯ ಎರಡು ಬೇರೆ ತಿದ್ದುಪಡಿಗಳು, ಎರಡರ ಮೇಲೂ ಒಬ್ಬರದೇ ಸಹಿ: ಯಾರು ಬೇಕಾದರೂ ಪರಿಶೀಲಿಸಬಹುದಾದ ಪುರಾವೆ ಇದು. ಆದರೆ ಅ-ವನ್ನು ಕೂಡಲೇ ಹೊರಹಾಕಬೇಡಿ. ಹಳೆಯ ಬ್ಯಾಕಪ್‌ನಿಂದ ಮರುಸ್ಥಾಪಿಸಿದ ಫೋನ್ ಕೂಡ ಯಾವ ದುರುದ್ದೇಶವೂ ಇಲ್ಲದೆ ಹೀಗೆ ನಡೆದುಕೊಳ್ಳಬಹುದು. ಮೊದಲು ಬಳಕೆದಾರರಿಗೆ ತೋರಿಸಿ.

ಇದು ಮೋಸವನ್ನು ಪತ್ತೆ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಮೊದಲೇ ತಡೆಯಬೇಕೆಂದರೆ ಎಲ್ಲರೂ ಒಮ್ಮತಕ್ಕೆ ಬಂದ ಮೇಲೆಯೇ ತಿದ್ದುಪಡಿ ಒಪ್ಪಿತವಾಗಬೇಕು. ಕಂಪ್ಯೂಟರ್ ವಿಜ್ಞಾನಿಗಳಾದ ಲ್ಯಾಂಪೋರ್ಟ್, ಶೋಸ್ಟಾಕ್ ಮತ್ತು ಪೀಸ್ 1982ರಲ್ಲಿ ‘ಬೈಜಾಂಟೈನ್ ಸೇನಾನಿಗಳ ಸಮಸ್ಯೆ’ ಎಂದು ಮಂಡಿಸಿದ್ದು ಇದನ್ನೇ. ಸಂದೇಶ ಎಷ್ಟು ಹೊತ್ತಿಗೆ ತಲುಪುತ್ತದೆಂಬ ಖಾತರಿಯಿಲ್ಲದ ಜಾಲದಲ್ಲಿ ಒಬ್ಬ ಮೋಸಗಾರನನ್ನು ತಾಳಿಕೊಳ್ಳಲು ಕನಿಷ್ಠ 4 ಸಾಧನಗಳು ಬೇಕು, ಇಬ್ಬರಿಗೆ 7. ಜೊತೆಗೆ ಪ್ರತಿ ನಿರ್ಧಾರಕ್ಕೂ ಹಲವು ಸುತ್ತು ಸಂದೇಶಗಳು ಓಡಾಡಬೇಕು. ಹಣ ವರ್ಗಾವಣೆಗೆ ಆ ವೆಚ್ಚ ಸರಿ. ಕಡತ ತಿದ್ದುವ ಆ್ಯಪ್‌ಗೆ ಪತ್ತೆಯ ದಾರಿಯೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಪ್ರತಿಯೊಂದಕ್ಕೂ ಸಹಿ ಹಾಕುತ್ತಾ ಹೋದರೆ ವೇಗ ಕುಸಿಯುವುದಿಲ್ಲವೇ?

ಉತ್ತರ: ಈ ಅಂಜಿಕೆ ಬೇಡ. ಎಡ್25519 ಎಂಬ ಜನಪ್ರಿಯ ಡಿಜಿಟಲ್ ಸಹಿ ವಿಧಾನದಲ್ಲಿ ಸಹಿಯ ಗಾತ್ರ 64 ಬೈಟ್. ಇಂದಿನ ಸಾಮಾನ್ಯ ಫೋನ್‌ಗಳಲ್ಲಿ ಸಹಿ ಹಾಕಲು ಒಂದು ಮಿಲಿಸೆಕೆಂಡ್ ಕೂಡ ಹಿಡಿಯುವುದಿಲ್ಲ. ಧ್ವನಿ ಕರೆಯಲ್ಲಿ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರದಿರುವುದು ಒಳ್ಳೆಯದೆಂಬ ಮಾನದಂಡದ ಎದುರು ಅದು ನಗಣ್ಯ. ಆದರೂ ಪ್ರತಿ ಅಕ್ಷರಕ್ಕೂ ಒಂದೊಂದು ಸಹಿ ಅನಗತ್ಯ. ಕ್ಷಣಾರ್ಧದ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಒಂದೇ ಸಹಿ ಹಾಕಿ. ಕರ್ಸರ್ ಎಲ್ಲಿದೆ ಎಂಬಂಥ ಕ್ಷಣಿಕ ಮಾಹಿತಿಗೆ ಸಹಿಯೇ ಬೇಡ. ಆದರೆ ದಾಖಲೆಯಾಗಿ ಉಳಿಯುವ ತಿದ್ದುಪಡಿಗೆ, ಗುಂಪಿನವರೆಲ್ಲ ಹಂಚಿಕೊಂಡಿರುವ ಒಂದೇ ಕೀಲಿಯನ್ನು ನೆಚ್ಚಬೇಡಿ. ಅದು ಎಲ್ಲ ಸದಸ್ಯರ ಬಳಿಯೂ ಇರುವುದರಿಂದ ‘ಗುಂಪಿನವರೊಬ್ಬರು ಬರೆದರು’ ಎಂದಷ್ಟೇ ಸಾಬೀತಾಗುತ್ತದೆ, ಯಾರು ಎಂದಲ್ಲ.

ಪ್ರಶ್ನೆ: ಸಂದೇಶದೊಳಗೆ ಏನಿದೆ ಎಂಬುದು ಹೊರಗಿನವರಿಗೆ ಕಾಣದು. ಇನ್ನೇನು ಸೋರಿಕೆಯಾಗಬಹುದು?

ಉತ್ತರ: ಯಾರು, ಯಾರ ಜೊತೆ, ಯಾವಾಗ, ಎಷ್ಟು ಹೊತ್ತು ಎಂಬುದೆಲ್ಲ. ನೇರ ಸಂಪರ್ಕದಲ್ಲಿ ಒಬ್ಬರ ಐಪಿ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ. ಅಪರಿಚಿತರು ಸೇರುವ ಗುಂಪಾದರೆ ಟರ್ನ್ ರಿಲೇ (ಎರಡೂ ಕಡೆಯ ಮಾಹಿತಿಯನ್ನು ನಡುವೆ ನಿಂತು ದಾಟಿಸುವ ಸರ್ವರ್) ಮೂಲಕವೇ ಸಂಪರ್ಕ ಏರ್ಪಡಿಸಿ, ಆಗ ಆ ರಿಲೇ ನಡೆಸುವವರಿಗೆ ಎರಡೂ ವಿಳಾಸ ಗೊತ್ತಾಗುತ್ತದೆ ಎಂಬುದು ನೆನಪಿರಲಿ. ಆ್ಯಪ್‌ನಲ್ಲಿ ಧ್ವನಿ ಕರೆಯೂ ಇದ್ದರೆ, ಮಾಹಿತಿ ಹೊತ್ತೊಯ್ಯುವ ಪ್ಯಾಕೆಟ್‌ಗಳ ಗಾತ್ರವೂ ಬಾಯಿಬಿಡುತ್ತದೆ: ಮಾತಿಗೆ ತಕ್ಕಂತೆ ಬಿಟ್‌ರೇಟ್ (ಸೆಕೆಂಡಿಗೆ ಕಳುಹಿಸುವ ಮಾಹಿತಿಯ ಪ್ರಮಾಣ) ಬದಲಿಸುವ ಕೊಡೆಕ್‌ಗಳಲ್ಲಿ, ಅಂದರೆ ಧ್ವನಿಯನ್ನು ಸಂಕುಚಿಸುವ ತಂತ್ರಾಂಶಗಳಲ್ಲಿ, ಎನ್‌ಕ್ರಿಪ್ಟ್ ಆದ ಮೇಲೂ ಗಾತ್ರದ ಏರಿಳಿತದಿಂದ ಆಡಿದ ಮಾತನ್ನು ಊಹಿಸಲು ಸಾಧ್ಯವಿದೆ. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಐಇಟಿಎಫ್ 2012ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಗುಟ್ಟಿನ ಮಾತುಕತೆಗೆ ಸ್ಥಿರ ಬಿಟ್‌ರೇಟ್ ಬಳಸಿ.

ಪ್ರಶ್ನೆ: ಬಳಕೆದಾರರೊಬ್ಬರು ತಮ್ಮ ಮಾಹಿತಿ ಅಳಿಸಿ ಎಂದರೆ? ಹ್ಯಾಶ್ ಸರಪಳಿಯಿಂದ ಒಂದು ಕೊಂಡಿ ತೆಗೆದರೆ ಮುಂದಿನದೆಲ್ಲ ಕಡಿದುಹೋಗುತ್ತದಲ್ಲ?

ಉತ್ತರ: ಅದಕ್ಕೇ ವೈಯಕ್ತಿಕ ಮಾಹಿತಿಯನ್ನು ಸರಪಳಿಯೊಳಗೆ ಮೊದಲಿನಿಂದಲೇ ಇಡಬಾರದು. ಮಾಹಿತಿಯನ್ನು ಪ್ರತ್ಯೇಕ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿ ಹೊರಗಿಡಿ. ಆ ಎನ್‌ಕ್ರಿಪ್ಟ್ ಆದ ರೂಪದ ಹ್ಯಾಶ್ ಮಾತ್ರ ಸರಪಳಿಯಲ್ಲಿರಲಿ. ಅಳಿಸಬೇಕಾದಾಗ ಮಾಹಿತಿಯನ್ನೂ ಕೀಲಿಯನ್ನೂ ನಾಶಪಡಿಸಿ, ಸರಪಳಿಗೆ ಧಕ್ಕೆಯಾಗದು. ಈಗಾಗಲೇ ಓದಿ ನಕಲಿಟ್ಟುಕೊಂಡವರಿಂದ ಅದನ್ನು ಕಿತ್ತುಕೊಳ್ಳಲು ಯಾವ ತಂತ್ರವೂ ಇಲ್ಲ. ಇದನ್ನು ಬಳಕೆದಾರರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿ.

ಫೋನ್ ಸಂಖ್ಯೆಯ ಹ್ಯಾಶ್ ಅನ್ನು ಸರಪಳಿಯಲ್ಲಿಟ್ಟು ‘ಸಂಖ್ಯೆ ಇಟ್ಟಿಲ್ಲ’ ಎನ್ನುವ ತಂಡಗಳೂ ಇವೆ. 10 ಅಂಕಿಯ ಸಂಖ್ಯೆಗಳು ಇರುವುದೇ 1,000 ಕೋಟಿ. ಅವೆಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸುವುದು ಒಂದು ಗ್ರಾಫಿಕ್ಸ್ ಕಾರ್ಡ್‌ಗೆ ಕೆಲವೇ ನಿಮಿಷಗಳ ಕೆಲಸ. ಫೋನ್ ಸಂಖ್ಯೆಯ ಬದಲು ಪ್ರತಿ ಗುಂಪಿಗೂ ಹೊಸದಾಗಿ ಯಾದೃಚ್ಛಿಕ ಗುರುತನ್ನು ಸೃಷ್ಟಿಸಿ ಬಳಸಿ.